ಗೋಡೆಯ ಬಣ್ಣಕ್ಕೆ ಬಾಡಿಗೆದಾರರ ಡಿಪಾಸಿಟ್ಟೇ?

ಪ್ರಶ್ನೆ: ರಾಯರೇ, ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟ್ ಇದೆ. ನಮ್ಮ ಊರ ಕಡೆಯವರದೇ ಒಂದು ಕುಟುಂಬ 22 ತಿಂಗಳು ಇದ್ದು ಈಗ ಖಾಲಿ ಮಾಡುತ್ತಿದೆ. ಬಾಡಿಗೆ 15 ಸಾವಿರ, ಡಿಪಾಸಿಟ್ 60 ಸಾವಿರ. ಗೋಡೆಯಲ್ಲೆಲ್ಲ ಮಗು ಗೀಚಿದೆ, ವಾಶ್‌ಬೇಸಿನ್ ಒಡೆದಿದೆ. ಮನೆಗೆ ಬಣ್ಣ ಹೊಡೆಸಿ ಹೇಗೂ ನಾಲ್ಕು ವರ್ಷವಾಯಿತು, ಅದಕ್ಕೆಂದು 25 ಸಾವಿರ ಹಿಡಿದುಕೊಳ್ಳೋಣ, ಉಳಿದದ್ದನ್ನು ಹೊಸಬರು ಬಂದ ಮೇಲೆ ಕೊಟ್ಟರಾಯಿತು ಎನ್ನುತ್ತಾರೆ ನಮ್ಮ ಯಜಮಾನರು. ನಾಳೆ ಊರಿನ ತೇರಿನಲ್ಲಿ ಅವರ ಮುಖ ನೋಡಬೇಕಲ್ಲ, ಏನು ಮಾಡಲಿ?

ಉತ್ತರ: ನೀವು ಕಳುಹಿಸಿದ ಫೋಟೋಗಳನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ ತಂಗೀ. ಮಗುವಿನ ಚಿತ್ರಗಳು ನೆಲದಿಂದ ಎರಡಡಿಯ ಮೇಲೆ ಹೋಗಿಲ್ಲ. ಒಂದು ಸೂರ್ಯ, ಮೂರು ಕಾಲಿನ ಒಂದು ಆನೆ. ಕಿಟಕಿಯ ಪಕ್ಕದ ಆ ದೊಡ್ಡ ಹಳದಿ ಕಲೆ ಮಗುವಿನದಲ್ಲ, ಹೊರಗೋಡೆಯ ಬಿರುಕಿನಿಂದ ಇಳಿದ ಮಳೆನೀರಿನದು. ಅದನ್ನು ನೀವು ಕಟ್ಟಡದ ಹೌಸಿಂಗ್ ಸೊಸೈಟಿಯ ಹತ್ತಿರ ಕೇಳಬೇಕು, ಬಾಡಿಗೆದಾರರ ಹತ್ತಿರ ಅಲ್ಲ.

ನಾಲ್ಕು ವರ್ಷದ ಹಿಂದೆ ಹೊಡೆಸಿದ ಬಣ್ಣ ಅವರು ಬರುವಾಗಲೇ ಎರಡು ವರ್ಷ ಹಳತು. ಅವರು ಇರಲಿ ಬಿಡಲಿ, ಮುಂದಿನ ದೀಪಾವಳಿಗೆ ನೀವು ಹೊಡೆಸಲೇಬೇಕಿತ್ತು. ಹೊಸ ಬಣ್ಣವನ್ನು ಹಳೆಯವರ ದುಡ್ಡಿನಲ್ಲಿ ಹೊಡೆಸಿ, ಅದನ್ನೇ ತೋರಿಸಿ ಹೊಸಬರಿಂದ ಸಾವಿರ ರೂಪಾಯಿ ಹೆಚ್ಚು ಬಾಡಿಗೆ ಕೇಳುವವರನ್ನು ಹದಿನಾಲ್ಕು ವರ್ಷ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ನಾನು ಬೇಕಾದಷ್ಟು ಕಂಡಿದ್ದೇನೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೋಡೆಯ ಸುಣ್ಣಬಣ್ಣ ಮಾಲೀಕನ ಪಾಲಿಗೇ ಬಂದಿದೆ. ನಲ್ಲಿಯ ವಾಶರ್, ವಾಶ್‌ಬೇಸಿನ್ ದುರಸ್ತಿ, ಒಡೆದ ಗಾಜು ಬಾಡಿಗೆದಾರನ ಪಾಲಿಗೆ. ಮನೆಗಳಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎಂದೂ ಅದು ಹೇಳುತ್ತದೆ. ನೀವು ತೆಗೆದುಕೊಂಡಿರುವುದು ನಾಲ್ಕು ತಿಂಗಳಿನದು! ರಾಜ್ಯಗಳು ಅಳವಡಿಸಿಕೊಂಡರಷ್ಟೇ ಅದು ಜಾರಿಗೆ ಬರುವುದರಿಂದ ಅದನ್ನು ಹಿಡಿದುಕೊಂಡು ಇಲ್ಲಿ ಜಗಳಕ್ಕೆ ಹೋಗಲಾಗದು. ಆದರೆ ಯಾವುದು ಯಾರ ಖರ್ಚು ಎಂದು ಅಳೆಯಲು ಒಳ್ಳೆಯ ಕೋಲು.

ಆದ್ದರಿಂದ ಬೇಸಿನ್ ದುಡ್ಡು ಹಿಡಿಯಿರಿ, ಅಂದಾಜಿನಲ್ಲಿ ಅಲ್ಲ, ಅಂಗಡಿಯ ಬಿಲ್ಲು ಮತ್ತು ಪ್ಲಂಬರನ ಕೂಲಿ ತೋರಿಸಿ. ಕರೆಂಟಿನ ಮೀಟರ್ ರೀಡಿಂಗನ್ನು ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಬರೆದುಕೊಳ್ಳಿ. ಪೈಪ್ ಗ್ಯಾಸಿನ ಬಿಲ್ ತಡವಾಗಿ ಬರುತ್ತದೆ, ಅದಕ್ಕೆ ಒಂದೆರಡು ಸಾವಿರ ಇಟ್ಟುಕೊಂಡು ಬಿಲ್ ಬಂದ ದಿನ ಲೆಕ್ಕ ಮುಗಿಸಿ. ಮಿಕ್ಕ ಹಣ ಅದೇ ದಿನ ಅವರ ಖಾತೆಗೆ ಹೋಗಲಿ.

'ಹೊಸಬರು ಬಂದ ಮೇಲೆ' ಎಂಬ ಮಾತು ನನ್ನ ಬಾಯಿಂದಲೂ ಬಂದದ್ದಿದೆ. 2009ರಲ್ಲಿ ನನ್ನ ಒಂದು ಕೋಣೆಯ ಮನೆಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಕಾರ್ಕಳದ ಹುಡುಗನೊಬ್ಬ ಇದ್ದ. ಅವನ 40 ಸಾವಿರ ಡಿಪಾಸಿಟ್ಟನ್ನು ನಾನು ಮಗಳ ನಿಶ್ಚಿತಾರ್ಥಕ್ಕೆ ಖರ್ಚು ಮಾಡಿ ಕೂತಿದ್ದೆ. ನನ್ನಿಂದ ಆ ದುಡ್ಡು ಸಿಗದೆ ಅವನಿಗೆ ಮುಂದಿನ ಮನೆಯ ಡಿಪಾಸಿಟ್ ಕಟ್ಟಲಾಗಲಿಲ್ಲ. ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಹನ್ನೊಂದು ರಾತ್ರಿ ಮಲಗಿದ. ಅವನ ನೀಲಿ ಟ್ರಂಕು ನಮ್ಮ ಮೆಟ್ಟಿಲ ಕೆಳಗಿತ್ತು. "ಅದನ್ನು ದಾಟಿಕೊಂಡು ಬಂದು ನಾನು ದೇವರಿಗೆ ದೀಪ ಹಚ್ಚುವುದು ಹೇಗೆ?" ಎಂದು ಕೇಳಿದ ಹೆಂಡತಿ, ಮರುದಿನ ತನ್ನ ಉಳಿತಾಯ ಖಾತೆಯ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಪರರ ಠೇವಣಿ ಕಾಯ್ದವನ ಕತೆ ಇದು! ಅಂದಿನಿಂದ ಡಿಪಾಸಿಟ್ ಬಂದ ದಿನವೇ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ, ರಸೀದಿಯನ್ನು ಕರಾರುಪತ್ರದ ಫೈಲಿನಲ್ಲೇ ಇಡುತ್ತೇನೆ.

ಕರಾರು ಎಂದಾಗ ನೆನಪಾಯಿತು: ನಿಮ್ಮದು ನೋಂದಣಿಯಾಗಿದೆಯೇ, ನೀವು ಬರೆದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನಂತೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು (ಇಲ್ಲಿ ಮನೆ ಬಾಡಿಗೆಗೆ ಸಾಮಾನ್ಯವಾಗಿ ಮಾಡಿಕೊಳ್ಳುವ ಪತ್ರ) ನೋಂದಾಯಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಬಿಸಿ ಮುಟ್ಟಿಸುವುದು ಇನ್ನೊಂದು: ನೋಂದಣಿ ಇಲ್ಲದಿದ್ದರೆ, ಷರತ್ತು ಏನಿತ್ತು ಎಂಬ ತಕರಾರಿನಲ್ಲಿ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಸುಳ್ಳೆಂದು ನೀವು ಸಾಬೀತು ಮಾಡುವವರೆಗೆ. 11 ತಿಂಗಳಿನ ಕರಾರಿಗೆ ನೋಂದಣಿ ಬೇಡ ಎಂದು ಏಜೆಂಟರು ಹೇಳಿದರೆ ನಂಬಬೇಡಿ.

ಪ್ರಶ್ನೆ: ಡಿಪಾಸಿಟ್ಟಿಗೆ ಬಡ್ಡಿ ಕೊಡಬೇಕೇ? (ಠಾಣೆಯ ಓದುಗರು)

ಉತ್ತರ: ಕರಾರಿನಲ್ಲಿ ಬರೆದಿದ್ದರೆ ಕೊಡಬೇಕು, ನಮ್ಮ ಕಡೆ ಸಾಧಾರಣವಾಗಿ 'ಬಡ್ಡಿರಹಿತ' ಎಂದೇ ಬರೆಯುತ್ತಾರೆ. ಆದರೆ ಕರಾರಿನ ಮೇಲೆ ಕಟ್ಟುವ ಸ್ಟ್ಯಾಂಪ್ ಡ್ಯೂಟಿ ಲೆಕ್ಕದ ತಮಾಷೆ ನೋಡಿ. ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಸೇರಿಸಿ, ಬಂದ ಮೊತ್ತದ ಶೇ. 0.25 ಕಟ್ಟಬೇಕು. ನೀವು ಬಡ್ಡಿರಹಿತ ಎಂದರೂ ಆ ದುಡ್ಡು ಮಾಲೀಕನ ಕೈಯಲ್ಲಿ ಸುಮ್ಮನೆ ಕೂರುವುದಿಲ್ಲ ಎಂದು ಸರ್ಕಾರಕ್ಕೆ ಗೊತ್ತು.

ಪ್ರಶ್ನೆ: ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳಿ ಎನ್ನುತ್ತಾನೆ ಬಾಡಿಗೆದಾರ. ಒಪ್ಪಲೇ? (ಮುಲುಂಡ್)

ಉತ್ತರ: ಬೇಡ. ಆಮೇಲೆ ಒಡೆದ ಬೇಸಿನ್ನಿಗೆ, ಕರೆಂಟ್ ಬಿಲ್ಲಿಗೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಅವನು ಹಾಗೆ ಏಕೆ ಕೇಳಿದ ಎಂದು ಯೋಚಿಸಿ. ಹಿಂದಿನ ಮನೆಯವರು ಅವನ ದುಡ್ಡು ಮುಳುಗಿಸಿರಬಹುದು. ಬೀಗದ ಕೈ ಕೊಟ್ಟ ದಿನವೇ ಹಣ ಹಿಂದಿರುಗಿಸುತ್ತೇನೆ ಎಂದು ಬರೆದು ಸಹಿ ಮಾಡಿ ಕೊಡಿ. ಬಾಡಿಗೆ ತಪ್ಪದೆ ಬರುತ್ತದೆ.

ಪ್ರಶ್ನೆ: ನಾಲ್ವರು ಹುಡುಗರು ಸೇರಿ ಡಿಪಾಸಿಟ್ ಕೊಟ್ಟಿದ್ದರು. ಒಬ್ಬ ನಡುವೆ ಬಿಟ್ಟು ಹೋದ, ಈಗ ತನ್ನ ಪಾಲು ಕೇಳುತ್ತಿದ್ದಾನೆ. (ಅಂಧೇರಿ)

ಉತ್ತರ: ಕರಾರಿನಲ್ಲಿ ಯಾರ ಹೆಸರಿದೆಯೋ, ಯಾರ ಖಾತೆಯಿಂದ ಹಣ ಬಂತೋ, ಅವರಿಗೇ ಕೊಡಿ. ನಾಲ್ವರೂ ಬೇರೆ ಬೇರೆ ಕಳುಹಿಸಿದ್ದರೆ, ಉಳಿದ ಮೂವರ ಸಹಿ ತೆಗೆದುಕೊಂಡ ಮೇಲಷ್ಟೇ ಅವನ ಪಾಲು. ನಗದಾಗಿ ಕೊಡಬೇಡಿ.