ಕೀಟೊನಾ, ಉಪವಾಸನಾ? ಮೊದಲು ಮಾತ್ರೆಯ ಹೆಸರು ಹೇಳಿ

ಪ್ರಶ್ನೆ: ಮೇಡಂ, ನನಗೆ 42 ವರ್ಷ, ತೂಕ 91 ಕೆಜಿ. ಆಫೀಸಿನಲ್ಲಿ ಒಬ್ಬರು ಕೀಟೊ (ಅನ್ನ, ಮುದ್ದೆ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಡಯಟ್) ಮಾಡಿ ಒಂದೇ ವಾರದಲ್ಲಿ 3 ಕೆಜಿ ಇಳಿದರು. ನನ್ನ ತಂಗಿ 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಅಂತ ಮಾಡ್ತಿದ್ದಾಳೆ. ನನಗೆ ಯಾವುದು ಒಳ್ಳೆಯದು? ಅಂದ ಹಾಗೆ, ಶುಗರ್‌ಗೆ ಎರಡು ಮಾತ್ರೆ ತಗೋತಿದ್ದೇನೆ. – ಓದುಗರು, ಹಾಸನ

ಮಾತ್ರೆಯ ವಿಷಯ ಮೊದಲ ಸಾಲಿನಲ್ಲೇ ಬರಬೇಕಿತ್ತು. ಇಂಥ ಪತ್ರಗಳು ಬರುತ್ತಲೇ ಇವೆ. ಎಲ್ಲದರಲ್ಲೂ ಮಾತ್ರೆಯ ಮಾತು ಕೊನೆಗೆ, ಅದೂ ಹೆಸರಿಲ್ಲದೆ.

ಸ್ಟ್ರಿಪ್ ತಿರುಗಿಸಿ ನೋಡಿ. ಗ್ಲಿಮೆಪಿರೈಡ್ ಅಂತಿದ್ದರೆ, ನೀವು ಉಣ್ಣಿ ಬಿಡಿ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅದನ್ನು ನುಂಗಿ 16 ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ಪಾತಾಳಕ್ಕೆ ಇಳಿಯಬಹುದು. ಕೈ ನಡುಕ, ತಣ್ಣನೆ ಬೆವರು, ಬೈಕ್ ಓಡಿಸುವಾಗ ಕಣ್ಣು ಕತ್ತಲೆ.

ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅಂತಿದ್ದರೆ ಕೀಟೊ ಕಡೆ ತಲೆ ಹಾಕಿಯೂ ಮಲಗಬೇಡಿ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳು. ಅದರ ಜೊತೆಗೆ ಅನ್ನ, ಮುದ್ದೆಯನ್ನೂ ನಿಲ್ಲಿಸಿದರೆ, ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಏರಿ ರಕ್ತ ಆಮ್ಲೀಯವಾಗಬಹುದು. ಜೀವಕ್ಕೇ ಅಪಾಯ. ಮೋಸ ಹೋಗುವುದು ಎಲ್ಲಿ ಗೊತ್ತಾ? ಮನೆಯ ಗ್ಲುಕೋಮೀಟರ್ ಗಾಬರಿಯಾಗುವಷ್ಟೇನೂ ಅಲ್ಲದ 180 ತೋರಿಸುತ್ತಿರುತ್ತದೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಯವರು ಜೀರಿಗೆ ನೀರು ಕೊಡುತ್ತಿರುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಸೀದಾ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ. ಮೆಟ್‌ಫಾರ್ಮಿನ್ ಒಂದೇ ಆದರೆ ಇಷ್ಟು ಭಯವಿಲ್ಲ. ಆದರೂ ಡಾಕ್ಟರಿಗೆ ಹೇಳದೆ ಯಾವುದನ್ನೂ ಶುರು ಮಾಡಬೇಡಿ. ಡಯಟ್ ಮಾಡಬೇಕು ಅಂತ ಮಾತ್ರೆಯನ್ನು ನೀವೇ ಬಿಡಲೂಬೇಡಿ.

ಇನ್ನು ಆ 3 ಕೆಜಿ. ಅದರಲ್ಲಿ ಹೆಚ್ಚಿನದು ನೀರು. ಲಿವರ್ ಮತ್ತು ಸ್ನಾಯುಗಳು ಕೂಡಿಟ್ಟುಕೊಂಡ ಸಕ್ಕರೆಯ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಕಾರ್ಬ್ (ಅನ್ನ, ಮುದ್ದೆಯಲ್ಲಿರುವ ಪಿಷ್ಟ, ಸಕ್ಕರೆ) ನಿಂತರೆ ಎರಡೂ ಖಾಲಿ. ಮತ್ತೆ ಅನ್ನ ಶುರುವಾದರೆ ಕೆಲವೇ ದಿನದಲ್ಲಿ ಎರಡೂ ವಾಪಸ್. ಕೀಟೊ ಹುಟ್ಟಿದ್ದೂ ತೂಕ ಇಳಿಸುವುದಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅದನ್ನು ಫಿಟ್ಸ್ ರೋಗಿಗಳಿಗೆ ಅಂತ ಸೂಚಿಸಿದರು. ಔಷಧಕ್ಕೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಇವತ್ತಿಗೂ ಡಾಕ್ಟರ ಕಣ್ಗಾವಲಿನಲ್ಲಿ ಕೊಡುತ್ತಾರೆ.

ಯಾವುದು ಮೇಲು ಅಂತ ಜಗಳ ಬೇಡ. ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ನೋಡಿ 2018ರಲ್ಲಿ ಫಲಿತಾಂಶ ಕೊಟ್ಟರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ ಇಳಿದರು, ಕಾರ್ಬ್ ಕಡಿಮೆ ಮಾಡಿದವರು 6 ಕೆಜಿ. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. 2022ರಲ್ಲಿ ಬಂದ ಚೀನಾದ ಅಧ್ಯಯನದಲ್ಲಿ 139 ಜನರಿದ್ದರು. ಎಲ್ಲರಿಗೂ ಊಟದ ಅಳತೆ ಕಡಿಮೆ ಮಾಡಿ, ಅರ್ಧ ಜನರಿಗೆ ಮಾತ್ರ 8 ಗಂಟೆಯ ಮಿತಿ ಹಾಕಿದರು. ಗಡಿಯಾರದಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಹಾಗಾಗಿ ನಿಮ್ಮ ಮನೆಯ ಒಲೆಯ ಮೇಲೆ ಒಂದು ವರ್ಷ ನಡೆಯುವಂಥದ್ದನ್ನು ಆರಿಸಿಕೊಳ್ಳಿ. ಕೀಟೊದಲ್ಲಿ ಇಡೀ ದಿನಕ್ಕೆ ಕಾರ್ಬ್ 20ರಿಂದ 50 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನ ಒಂದೇ ಮುದ್ದೆಯಲ್ಲಿ ಸುಮಾರು 67 ಗ್ರಾಂ ಇದೆ. ಸೊಪ್ಪಿನ ಸಾರಿನ ಬೇಳೆಯೂ ಲೆಕ್ಕಕ್ಕೆ ಬರುತ್ತದೆ. ಮೊಟ್ಟೆ ತಿನ್ನದ ಮನೆಯಲ್ಲಿ ಉಳಿಯುವುದು ಪನೀರ್, ತುಪ್ಪ, ಕಾಯಿ, ಒಂದಿಷ್ಟು ಸೊಪ್ಪು. ಹಾಸನದಲ್ಲಿ ಹೀಗೆ ಎಷ್ಟು ದಿನ ಉಣ್ಣುತ್ತೀರಿ?

ಮುದ್ದೆ ಚಿಕ್ಕದು ಮಾಡಿ, ಅದರ ಮೇಲೆ ಅನ್ನ ಬೇಡ. ಹುರುಳಿಕಾಳು, ಹೆಸರುಕಾಳಿನ ಸಾರು ಬಡಿಸಿಕೊಳ್ಳುವಾಗ ಸೌಟನ್ನು ತಳಕ್ಕೆ ಇಳಿಸಿ, ಕಾಳು ಜಾಸ್ತಿ ಬರಲಿ. ಪಲ್ಯ ಮುದ್ದೆಗಿಂತ ಹೆಚ್ಚಿರಲಿ. ರಾತ್ರಿ 8ಕ್ಕೆ ಊಟ ಮುಗಿಸಿ, ಬೆಳಗ್ಗೆ 8ಕ್ಕೆ ತಿಂಡಿ ತಿನ್ನಿ. ನಡುವೆ ಟೀ ಜೊತೆಗಿನ ಬಿಸ್ಕತ್ತು, ಖಾರ ನಿಲ್ಲಲಿ. ಇದಕ್ಕೂ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ಡಾಕ್ಟರನ್ನು ಕೇಳಿ.

ಪ್ರಶ್ನೆ: ಒಂದು ದಿನ ಬರೀ ಹಣ್ಣು, ಒಂದು ದಿನ ಬರೀ ತರಕಾರಿ ಅಂತ ತಿನ್ನುವ ಏಳು ದಿನದ ಜಿಎಂ ಡಯಟ್ ಮಾಡಬಹುದಾ?

ಬೇಡ. ಎಂಟನೇ ದಿನದಿಂದ ಹಳೇ ಊಟವೇ ಅಲ್ವಾ?

ಪ್ರಶ್ನೆ: ನನ್ನದು ಒ ಪಾಸಿಟಿವ್. ಬ್ಲಡ್ ಗ್ರೂಪ್ ನೋಡಿ ಊಟ ಮಾಡಬೇಕಂತೆ?

ಆಧಾರವೇ ಇಲ್ಲದ ಮಾತು. ಬ್ಲಡ್ ಗ್ರೂಪ್ ಬೇಕಾಗುವುದು ರಕ್ತ ಕೊಡುವಾಗ, ಪಡೆಯುವಾಗ.

ಪ್ರಶ್ನೆ: ಹಾಲು, ಮೊಸರು ಬಿಟ್ಟು ವೀಗನ್ ಆಗಬೇಕೆಂದಿದ್ದೇನೆ.

ಆಗಿ. ಬಿ12 ಮಾತ್ರೆ ಮಾತ್ರ ತಪ್ಪಿಸಬೇಡಿ, ಸೊಪ್ಪು, ಕಾಳಿನಿಂದ ಅದು ಸಿಗುವುದಿಲ್ಲ.

ಪ್ರಶ್ನೆ: ತೂಕ ಇಳಿಸುವ ಪುಡಿ ಕೊಟ್ಟವರು ಶುಗರ್, ಬಿಪಿ ಮಾತ್ರೆ ನಿಲ್ಲಿಸಿ ಅಂದರು. ತಾಯಿ ನಿಲ್ಲಿಸಿ ಹತ್ತು ದಿನವಾಯಿತು.

ಇದನ್ನು ಓದಿ ನನಗೆ ಸಿಟ್ಟೂ ಬಂತು, ದಿಗಿಲೂ ಆಯಿತು. ಪುಡಿಯಲ್ಲಿ ಏನಿದೆ ಅಂತ ಬರೆಯದವರಿಗೆ ಮಾತ್ರೆ ನಿಲ್ಲಿಸಲು ಹೇಳುವ ಅಧಿಕಾರ ಕೊಟ್ಟವರು ಯಾರು? ಪುಡಿ ಇವತ್ತೇ ನಿಲ್ಲಲಿ. ಇವತ್ತೇ ಶುಗರ್, ಬಿಪಿ ನೋಡಿಸಿ. ಪುಡಿಯ ಡಬ್ಬಿ, ಹಳೇ ಚೀಟಿ ಎರಡನ್ನೂ ಡಾಕ್ಟರ ಹತ್ತಿರ ಒಯ್ದು, ಕಿಡ್ನಿ, ಲಿವರ್ ಪರೀಕ್ಷೆ ಬೇಕಾ ಅಂತ ಕೇಳಿ. ಮಾತ್ರೆ ಮತ್ತೆ ಎಷ್ಟರಿಂದ ಶುರು ಮಾಡಬೇಕು ಅನ್ನುವುದನ್ನು ಅವರೇ ಹೇಳಲಿ.