ಮನೆಯ ಅಲಂಕಾರದಲ್ಲಿ ನಮ್ಮ ವ್ಯಕ್ತಿತ್ವ ಕಾಣಲೇಬೇಕಾ?

ಮನೆ ನೋಡಿದ ತಕ್ಷಣ ನಾವು ಎಂಥವರು ಅಂತ ಗೊತ್ತಾಗಬೇಕು ಅನ್ನೋದು ನಿಮ್ಮ ಆಸೆ. ಬಿಳಿ ಗೋಡೆ ಸಾಕು, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀಯ ಅನ್ನೋದು ನಿಮ್ಮ ಮನೆಯವರ ಮಾತು. ಇವೆರಡರಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿದಾಗ ಇದನ್ನು ನಾನೇ ಬರೆದಿದ್ದೆನಾ ಅನ್ನಿಸಿತು. ನಾನೂ ಹೀಗೇ ಯೋಚಿಸಿ ಮನೆ ಮಾಡಿಸಿದವಳು. ಹಾಗಾಗಿ ಎರಡೂ ಕಡೆ ತೂಗಿ ನೋಡುವ ಉತ್ತರ ನನ್ನಿಂದ ಬರಲ್ಲ, ಆದದ್ದನ್ನು ಹೇಳ್ತೀನಿ.

ನನಗೆ ಪುಸ್ತಕ ಅಂದರೆ ಪ್ರಾಣ. ಸ್ವಂತ ಮನೆ ಆದರೆ ಒಳಗೆ ಕಾಲಿಟ್ಟವರಿಗೆ ಇದು ಓದುವವರ ಮನೆ ಅಂತ ಗೊತ್ತಾಗಬೇಕು ಅಂತ ಕಾಲೇಜಿನ ದಿನಗಳಿಂದ ಅಂದುಕೊಂಡಿದ್ದೆ. ಮನೆ ಆಯ್ತು. ಇಂಟೀರಿಯರ್ ಮಾಡುವವರು ಬಂದು ನಿಮ್ಮ ಸ್ಟೈಲ್ ಏನು ಮೇಡಂ ಅಂತ ಕೇಳಿದರು. ವರ್ಷಗಟ್ಟಲೆ ಕೂಡಿಟ್ಟ ಫೋಟೋಗಳನ್ನೆಲ್ಲ ತೋರಿಸಿದೆ. ಹಾಲ್‌ನ ಉದ್ದ ಗೋಡೆಗೆ ನೆಲದಿಂದ ಸೀಲಿಂಗ್‌ವರೆಗೆ ಪುಸ್ತಕದ ಶೆಲ್ಫ್. ಉಳಿದ ಗೋಡೆಗಳಿಗೆ ಕಡು ಹಸಿರು ಬಣ್ಣ. ತಗ್ಗಾದ ಸೋಫಾ, ಕಿಟಕಿ ಪಕ್ಕ ಒಂದು ದೊಡ್ಡ ಕುರ್ಚಿ, ಎಲ್ಲ ಕಡೆ ಹಳದಿ ಬೆಳಕು. ನಾವು ಅಲ್ಲಿಗೆ ವಾಸಕ್ಕೆ ಹೋಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಫೋಟೋ ತೆಗೆದರೆ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ, ಈಗಲೂ ಆ ಫೋಟೋ ನೋಡಿದರೆ ಇಷ್ಟ ಆಗುತ್ತದೆ.

ಆದರೆ ಆ ಮನೆಯಲ್ಲಿ ನಾನೊಬ್ಬಳೇ ಇರಲಿಲ್ಲ. ನನ್ನ ಗಂಡ, ಅತ್ತೆ, ಮಗಳು ಕೂಡ ಇದ್ದರು.

ನನ್ನ ಗಂಡನಿಗೆ ಹಳೇ ರೇಡಿಯೋ ಬಿಚ್ಚಿ ರಿಪೇರಿ ಮಾಡುವ ಹುಚ್ಚು. ಆಫೀಸಿನಿಂದ ಬಂದ ಮೇಲೆ ಮಲಗುವವರೆಗೂ ಅದೇ ಕೆಲಸ. ಹಳೇ ಮನೆಯಲ್ಲಿ ಹಾಲ್‌ನ ಟೇಬಲ್ ಮೇಲೇ ಎಲ್ಲ ಹರಡಿಕೊಂಡಿರುತ್ತಿತ್ತು. ಹೊಸ ಹಾಲ್‌ನಲ್ಲಿ ಅದಕ್ಕೆ ಜಾಗ ಇರಲಿಲ್ಲ. ನಾನೇ ಇಟ್ಟಿರಲಿಲ್ಲ, ಯಾಕೆಂದರೆ ಸೋಲ್ಡರಿಂಗ್ ಐರನ್, ವೈರು, ಬಿಚ್ಚಿಟ್ಟ ಸ್ಪೀಕರು ನನ್ನ ಥೀಮ್‌ಗೆ ಹೊಂದುತ್ತಿರಲಿಲ್ಲ. ಊಟದ ಟೇಬಲ್‌ನ ಮೂಲೆಯಲ್ಲಿ ಮಾಡಿಕೊಳ್ಳಿ, ಆಮೇಲೆ ಎತ್ತಿಡಿ ಅಂದಿದ್ದೆ. ಅವರು ಒಪ್ಪಿದರು. ಯಾವುದಕ್ಕೂ ಜಗಳ ಮಾಡುವವರಲ್ಲ.

ಒಂದು ಸಂಜೆ ನಾನು ರೂಮಿನಿಂದ ಬಂದಾಗ ಕಂಡದ್ದು ಇದು. ಮಗಳು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಾಳೆ. ಅವರು ಕನ್ನಡಕ ಹಣೆಗೇರಿಸಿ ರೆಸಿಸ್ಟರ್ ಅನ್ನುವ ರೇಡಿಯೋದ ಒಂದು ಬಿಡಿಭಾಗವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದಾರೆ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಅದರ ಮೇಲೆ ಬಣ್ಣದ ಸಣ್ಣ ಸಣ್ಣ ಪಟ್ಟಿಗಳು. ಆ ಪಟ್ಟಿಗಳನ್ನು ಓದಿಯೇ ಅದರ ಅಳತೆ ತಿಳಿಯಬೇಕು. ಮೂರನೇ ಪಟ್ಟಿ ಕೆಂಪಾದರೆ ಒಂದು ಅಳತೆ, ಕಿತ್ತಳೆ ಆದರೆ ಅದರ ಹತ್ತು ಪಟ್ಟು. ನನ್ನ ಹಳದಿ ಬೆಳಕಿನಲ್ಲಿ ಕೆಂಪು, ಕಿತ್ತಳೆ, ಕಂದು ಎಲ್ಲ ಒಂದೇ ಥರ ಕಾಣುತ್ತಿತ್ತು. "ಅಪ್ಪಾ, ಇದು ಕೆಂಪು ಅನ್ಸುತ್ತೆ" ಅಂತ ಮಗಳು ಹೇಳುತ್ತಿದ್ದಳು. ನಾನು ಹೇಳಿದ ಮಾತು ಏನು ಗೊತ್ತಾ? "ಬೇಗ ಎತ್ತಿಡ್ರೀ, ಯಾರಾದ್ರೂ ಬಂದ್ರೆ ಚೆನ್ನಾಗಿರಲ್ಲ." ಅವರು ಏನೂ ಅನ್ನದೆ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ ಅವರ ರೇಡಿಯೋ ಕೆಲಸವೇ ನಿಂತುಹೋಯಿತು. ಮೊಬೈಲ್ ನೋಡುತ್ತಾ ಮಲಗುವುದು ಶುರುವಾಯಿತು. ನನಗೆ ಅದು ತಿಳಿಯಲೇ ಇಲ್ಲ ಅನ್ನೋದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅತ್ತೆಯದು ಇನ್ನೂ ಬೇಜಾರಿನ ಕಥೆ. ಮಂಡಿ ನೋವಿನಿಂದ ಅವರು ವಾಕರ್ ಹಿಡಿದು ನಡೆಯಬೇಕಾಯಿತು. ವಾಕರ್ ಹಿಡಿದವರು ಆರಾಮಾಗಿ ಹೋಗಬೇಕು ಅಂದರೆ ಮೂರು ಅಡಿ ದಾರಿ ಬೇಕು. ಶೆಲ್ಫ್ ಮತ್ತು ಸೋಫಾ ನಡುವೆ ಉಳಿದದ್ದು ಎರಡು ಅಡಿ. ಸೋಫಾ ತಗ್ಗು, ಕೂತರೆ ಏಳೋಕೆ ಒಬ್ಬರು ಕೈ ಕೊಡಬೇಕು. "ನಾನು ರೂಮಲ್ಲೇ ಇರ್ತೀನಮ್ಮಾ, ನಿನ್ನ ಶೆಲ್ಫ್‌ಗೆ ತಾಗಿಬಿಡುತ್ತೆ" ಅಂದರು. ಮನೆಯ ಹಿರಿಯರು ಹಾಲ್‌ಗೆ ಬರುವುದನ್ನೇ ಬಿಟ್ಟರು. ನಾನು ಅದನ್ನು ವಯಸ್ಸಾಯ್ತು, ಅದಕ್ಕೇ ಮಲಗಿರ್ತಾರೆ ಅಂದುಕೊಂಡೆ.

ಈಗ ನಿಜವಾದ ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಕೇಳಿದವರೆಲ್ಲ ಬೇರೆ ಏನೋ ಅರ್ಥ ಮಾಡಿಕೊಳ್ತಾರೆ. ಹಸಿರು ಬಣ್ಣ ಹಾಕಿದ್ದು ತಪ್ಪಲ್ಲ, ಬಣ್ಣ ಮತ್ತೆ ಬಳಿಯಬಹುದು. ಹಳದಿ ಬಲ್ಬ್ ತಪ್ಪಲ್ಲ, ಬಲ್ಬನ್ನು ಐದು ನಿಮಿಷದಲ್ಲಿ ಬದಲಾಯಿಸಬಹುದು. ಪುಸ್ತಕ ಇಷ್ಟಪಟ್ಟಿದ್ದಂತೂ ತಪ್ಪೇ ಅಲ್ಲ. ತಪ್ಪು ಏನೆಂದರೆ, ಆ ಮನೆಯಲ್ಲಿ ಒಂದು ದಿನವೂ ಇರದೆ ಶೆಲ್ಫನ್ನು ಗೋಡೆಗೆ ಫಿಕ್ಸ್ ಮಾಡಿಸಿದ್ದು. ಆ ಒಂದು ಕೆಲಸದಿಂದ ಉಳಿದದ್ದೆಲ್ಲ ಹುಟ್ಟಿತು. ಪುಸ್ತಕಕ್ಕೆ ಹತ್ತು, ಹನ್ನೆರಡು ಇಂಚು ಆಳ ಸಾಕು. ಕೆಳಗೆ ಬಾಗಿಲಿರುವ ಕಪಾಟು ಬೇಕು ಅಂತ ಪೂರ್ತಿ ಶೆಲ್ಫನ್ನು ಒಂದೂವರೆ ಅಡಿ ಆಳ ಮಾಡಿಸಿದೆವು. ಆ ಹೆಚ್ಚಿನ ಅರ್ಧ ಅಡಿ ಎಲ್ಲಿಂದ ಬಂತು? ಓಡಾಡುವ ದಾರಿಯಿಂದ. ಹಾಲ್‌ನ ಒಳ್ಳೆಯ ಪ್ಲಗ್ ಪಾಯಿಂಟ್‌ಗಳು ಅದೇ ಗೋಡೆಯಲ್ಲಿದ್ದವು, ಅವು ಪ್ಲೈವುಡ್ ಹಿಂದೆ ಹೋದವು. ಪ್ಲಗ್ ಹೋಯಿತು ಅಂದರೆ ಆ ಕಡೆ ಯಾರೂ ಕೆಲಸ ಮಾಡುವ ಹಾಗಿಲ್ಲ. ಆ ಕಡೆ ಟೇಬಲ್ ಬರುವ ಹಾಗಿಲ್ಲ ಅಂದರೆ ಸೋಫಾ ಎದುರುಗಡೆಯೇ ಇರಬೇಕು. ಸೋಫಾ ಸರಿಸೋಣ ಅಂದರೆ ಅದರ ಹಿಂದೆ ಬಾಗಿಲು. ಶೆಲ್ಫ್ ಬಿಡಿಯಾಗಿದ್ದಿದ್ದರೆ ವಾಕರ್ ಬಂದ ದಿನವೇ ಅರ್ಧವನ್ನು ಎತ್ತಿ ಬೇರೆ ರೂಮಿಗೆ ಇಡುತ್ತಿದ್ದೆವು. ಗೋಡೆಗೆ ಅಂಟಿದ್ದರಿಂದ ಮನುಷ್ಯರೇ ಸರಿಯಬೇಕಾಯಿತು. ನಾವು ಗೋಡೆಯ ಅಳತೆ ತೆಗೆದುಕೊಂಡಿದ್ದೆವು, ಆ ಗೋಡೆಯ ಮುಂದೆ ದಿನಾ ಯಾರು ಏನು ಮಾಡ್ತಾರೆ ಅಂತ ಒಮ್ಮೆಯೂ ಕೂತು ನೋಡಿರಲಿಲ್ಲ.

ಇನ್ನೊಂದು ವಿಷಯ. ನಾನೂ ಅಲ್ಲಿ ಓದುತ್ತಿರಲಿಲ್ಲ. ಆ ದೊಡ್ಡ ಕುರ್ಚಿಯಲ್ಲಿ ಹಗಲು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ರಾತ್ರಿ ಬೆಳಕು ಸಾಲುತ್ತಿರಲಿಲ್ಲ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 80% ವಾಪಸ್ ಕೊಡುತ್ತದೆ, ತುಂಬಾ ಕಡು ಬಣ್ಣಗಳು 10% ಕೂಡ ಕೊಡುವುದಿಲ್ಲ. ಅಂದರೆ ಅಷ್ಟೇ ಬಲ್ಬ್ ಉರಿಸಿದರೂ ಕೋಣೆ ಮಬ್ಬು. ನಾನು ಓದುವುದು ಮೊದಲಿನಿಂದಲೂ ಹಾಸಿಗೆಯಲ್ಲಿ, ಗೋಡೆಗೆ ದಿಂಬು ಕೊಟ್ಟು, ಕಾಲು ಮಡಚಿ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೂ ಕುರ್ಚಿಯಲ್ಲಿ ಓದುವ ಇನ್ಯಾರೋ ಒಬ್ಬಳಿಗಾಗಿ ಹಾಲ್ ಮಾಡಿಸಿದ್ದೆ.

ಇದೆಲ್ಲ ಅರ್ಥವಾಗುವ ಹೊತ್ತಿನಲ್ಲೇ ಎಡಿತ್ ಫಾರ್ನ್ಸ್‌ವರ್ತ್ ಅನ್ನುವ ಅಮೆರಿಕದ ವೈದ್ಯೆಯ ಬಗ್ಗೆ ಓದಿದೆ. ಮೀಸ್ ವಾನ್ ಡೆರ್ ರೋಹೆ ಅನ್ನುವ ದೊಡ್ಡ ವಾಸ್ತುಶಿಲ್ಪಿ ಇಲಿನಾಯ್‌ನಲ್ಲಿ ಅವರಿಗೆ ಗಾಜಿನ ಗೋಡೆಗಳ ಮನೆ ಕಟ್ಟಿಕೊಟ್ಟರು. 1951ರಲ್ಲಿ ಮುಗಿದ ಆ ಮನೆ ಇವತ್ತಿಗೂ ಜಗತ್ಪ್ರಸಿದ್ಧ. ಆದರೆ ಇದ್ದವರ ಪಾಡು? ಸಿಂಕ್ ಕೆಳಗೆ ಕಸದ ಬುಟ್ಟಿ ಕೂಡ ಇಡಲ್ಲ, ಇಟ್ಟರೆ ರಸ್ತೆಯಿಂದ ಬರುವವರಿಗೆ ಕಂಡು ಮನೆಯ ಅಂದವೇ ಕೆಡುತ್ತದೆ ಅಂತ ಆಕೆ ಹೇಳಿಕೊಂಡಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಗಂಡನ ಸ್ಕ್ರೂ ಡಬ್ಬಿ. ಆ ವೈದ್ಯೆಗೆ ಹಾಗೆ ಮಾಡಿದ್ದು ಒಬ್ಬ ಹೊರಗಿನವರು. ನನ್ನ ಮನೆಯಲ್ಲಿ ಅದನ್ನು ಮಾಡಿದ್ದು ನಾನೇ.

ಕೊನೆಗೆ ಶೆಲ್ಫ್ ಒಡೆಸಿದೆವು. ಗಮ್ ಹಾಕಿ ಕೂರಿಸಿದ್ದರಿಂದ ಪ್ಲಾಸ್ಟರ್ ಕೂಡ ಹಪ್ಪಳದ ಹಾಗೆ ಎದ್ದು ಬಂತು. ಪುಟ್ಟಿ, ಪೇಂಟು, ವೈರಿಂಗ್ ಎಲ್ಲ ಇನ್ನೊಮ್ಮೆ. ಮಾಡಿಸುವಾಗ ಆದ ಖರ್ಚಿಗಿಂತ ಒಡೆಸುವಾಗ ಆದ ಸಂಕಟ ಜಾಸ್ತಿ.

ಈಗ ಆ ಗೋಡೆಗೆ ಒರಗಿಕೊಂಡು ನನ್ನ ಗಂಡನ ಟೇಬಲ್ ಇದೆ. ಮೇಲೆ ಬಿಳಿ ಬೆಳಕಿನ ದೀಪ, ಪಕ್ಕದಲ್ಲಿ ಕೈಗೆ ಸಿಗುವ ಎತ್ತರದಲ್ಲಿ ಪ್ಲಗ್. ಅತ್ತೆಗೆ ಕೈಯಿರುವ ಎತ್ತರದ ಕುರ್ಚಿ, ಅದರ ಪಕ್ಕ ಅವರಿಗೇ ಅಂತ ಒಂದು ದೀಪ. ವಯಸ್ಸಾದವರ ಕಣ್ಣಿಗೆ ಎಷ್ಟು ಬೆಳಕು ಬೇಕು ಅಂತ ನಮಗೆ ಅಂದಾಜೇ ಇರಲ್ಲ. 20ರ ವಯಸ್ಸಿನವರ ಕಣ್ಣಿನ ಒಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ 60ರವರ ಕಣ್ಣಿನ ಒಳಗೆ ಹೋಗುತ್ತದೆ. ನನ್ನ ಪುಸ್ತಕಗಳು ಮಲಗುವ ಕೋಣೆಗೆ ಬಂದವು, ನಾನು ಓದುವ ಜಾಗಕ್ಕೆ. ಮಗಳ ಚಿತ್ರಗಳು ಹಾಲ್‌ನಲ್ಲಿವೆ, ಟೇಪ್ ಹಚ್ಚಿ ಅವಳೇ ಅಂಟಿಸಿದ್ದು. ಮೊನ್ನೆ ಫ್ಯಾನ್ ಸರಿಮಾಡಲು ಬಂದ ಹುಡುಗ ಸುತ್ತ ನೋಡಿ, "ಸರ್ ರೇಡಿಯೋ ರಿಪೇರಿ ಮಾಡ್ತಾರಾ? ನಮ್ಮ ತಾತಂದು ಒಂದಿದೆ" ಅಂದ. ನೋಡಿ, ನಾವು ಯಾರಿಗೂ ಏನನ್ನೂ ತೋರಿಸಲು ಹೊರಟಿರಲಿಲ್ಲ.

ಇದಕ್ಕೆ ಒಂದು ಸಂಶೋಧನೆಯೂ ಇದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಸ್ಯಾಮ್ ಗಾಸ್ಲಿಂಗ್ ಅನ್ನುವ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 2002ರಲ್ಲಿ ಪ್ರಕಟಿಸಿದ್ದು. 94 ಆಫೀಸು, 83 ಮಲಗುವ ಕೋಣೆಗಳನ್ನು ಅಪರಿಚಿತರಿಗೆ ತೋರಿಸಿ, ಇಲ್ಲಿರುವವರು ಎಂಥವರು ಹೇಳಿ ಅಂದರು. ಎಲ್ಲ ಗುಣಗಳನ್ನೂ ಅಲ್ಲದಿದ್ದರೂ ಕೆಲವನ್ನು ಅವರು ಚೆನ್ನಾಗಿಯೇ ಊಹಿಸಿದರು, ಹೊಸ ವಿಚಾರಕ್ಕೆ ಮನಸ್ಸು ತೆರೆದವರೋ ಅಲ್ಲವೋ ಅನ್ನುವುದನ್ನಂತೂ ಎಲ್ಲಕ್ಕಿಂತ ಚೆನ್ನಾಗಿ. ಗಾಸ್ಲಿಂಗ್ ಹೇಳುವ ಪ್ರಕಾರ ಕೋಣೆಯಲ್ಲಿ ನಾವು ಬೇಕು ಅಂತಲೇ ತೋರಿಸಲು ಇಟ್ಟ ವಸ್ತುಗಳು ಇರುತ್ತವೆ, ದಿನಾ ಮಾಡುವ ಕೆಲಸಗಳು ಬಿಟ್ಟುಹೋದ ಗುರುತುಗಳೂ ಇರುತ್ತವೆ. ಎರಡನೆಯದಕ್ಕೆ ನೀವು ಏನೂ ಖರ್ಚು ಮಾಡಬೇಕಿಲ್ಲ. ಮನೆಯಲ್ಲಿ ಇರಬೇಕು ಅಷ್ಟೇ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಾವು ಎಂಥವರು ಅಂತ ತೀರ್ಮಾನಿಸಿ ಆಮೇಲೆ ಗೋಡೆಗೆ ಹಚ್ಚುವುದು ಆಗದ ಕೆಲಸ. ಅದರಲ್ಲೂ ಮನೆಯಲ್ಲಿ ಇಬ್ಬರಿದ್ದರೆ, ಯಾರ ವ್ಯಕ್ತಿತ್ವ? ಸಾಮಾನ್ಯವಾಗಿ ಜೋರಾಗಿ ಮಾತಾಡುವವರದ್ದು, ಫೋಟೋ ಜಾಸ್ತಿ ಕೂಡಿಟ್ಟವರದ್ದು. ನಮ್ಮ ಮನೆಯಲ್ಲಿ ಅದು ನಾನಾಗಿದ್ದೆ. ನಿಮ್ಮ ಮಾತಿನ ಧಾಟಿ ನೋಡಿದರೆ ನಿಮ್ಮಲ್ಲಿ ಅದು ನೀವೇ ಇರಬಹುದು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯವರು ಬಿಳಿ ಗೋಡೆ ಸಾಕು ಅಂದಾಗ ಅವರಿಗೆ ಅಭಿರುಚಿ ಇಲ್ಲ ಅಂದುಕೊಳ್ಳದೆ, ಹಾಲ್‌ನಲ್ಲಿ ಕೂತು ಏನು ಮಾಡಬೇಕು ಅಂತಿದೆ ನಿಮಗೆ ಅಂತ ಕೇಳಿ. ನಾನು ನನ್ನ ಗಂಡನನ್ನು ಇದನ್ನು ಕೇಳಿದ್ದು ಶೆಲ್ಫ್ ಒಡೆದ ಮೇಲೆ. ಅವರು ಒಂದೇ ಉಸಿರಿಗೆ ಟೇಬಲ್‌ನ ಅಳತೆ, ದೀಪದ ಎತ್ತರ, ಪ್ಲಗ್ ಎಲ್ಲಿರಬೇಕು, ಎಲ್ಲವನ್ನೂ ಹೇಳಿದರು. ಅಷ್ಟು ದಿನ ಎಲ್ಲ ಮನಸ್ಸಲ್ಲೇ ಇಟ್ಟುಕೊಂಡಿದ್ದರು.

ಬಾಡಿಗೆ ಮನೆಯೋ ಸ್ವಂತದ್ದೋ ನೀವು ಹೇಳಿಲ್ಲ. ಯಾವುದಾದರೂ ಸರಿ, ಹೋಗುವ ಮೊದಲು ಪ್ಲಗ್ ಪಾಯಿಂಟ್ ಜಾಸ್ತಿ ಹಾಕಿಸಿಕೊಳ್ಳಿ, ಬಾಡಿಗೆ ಆದರೆ ಮಾಲೀಕರನ್ನು ಕೇಳಿ ನೋಡಿ. ಬಾತ್‌ರೂಮ್, ಅಡುಗೆಮನೆ ಬಿಟ್ಟು ಬೇರೆಲ್ಲೂ ಏನನ್ನೂ ಫಿಕ್ಸ್ ಮಾಡಿಸಬೇಡಿ. ಹಳೇ ಸಾಮಾನಿನಲ್ಲೇ ಕೆಲವು ತಿಂಗಳು ಇರಿ. ಬಟ್ಟೆ ಎಲ್ಲಿ ಗುಡ್ಡೆ ಬೀಳುತ್ತದೆ, ಬ್ಯಾಗ್ ಎಲ್ಲಿ ಎಸೆಯುತ್ತಾರೆ, ಸಂಜೆ ಎಲ್ಲರೂ ತಾವಾಗಿ ಎಲ್ಲಿ ಬಂದು ಕೂರುತ್ತಾರೆ, ಅಷ್ಟು ನೋಡಿ. ಕಪಾಟು, ಕುರ್ಚಿ, ದೀಪ ಅಲ್ಲಿಗೆ ಬರಲಿ.

ಬಣ್ಣದ ಆಸೆ ಇದ್ದರೆ ಖಂಡಿತ ಹಾಕಿ, ನಾನು ಬಿಳಿಯ ಪಕ್ಷ ಅಲ್ಲ. ಆದರೆ ಅಂಗಡಿಯ ಸಣ್ಣ ಚೀಟಿ ನೋಡಿ ಆರಿಸಬೇಡಿ. ಎರಡು ಅಡಿ ಅಗಲದ ಹಲಗೆಗೆ ಆ ಬಣ್ಣ ಎರಡು ಕೋಟ್ ಬಳಿದು, ಒಂದೊಂದು ದಿನ ಒಂದೊಂದು ಗೋಡೆಗೆ ಒರಗಿಸಿಡಿ. ಬೆಳಿಗ್ಗೆ ನೋಡಿ, ಮೋಡ ಕವಿದಾಗ ನೋಡಿ, ರಾತ್ರಿ ನೀವು ಹಾಕಬೇಕು ಅಂತಿರುವ ಬಲ್ಬ್ ಕೆಳಗೇ ನೋಡಿ. ಬಲ್ಬ್‌ನ ಡಬ್ಬದ ಮೇಲೆ 2700 ಕೆಲ್ವಿನ್ ಅಂತಿದ್ದರೆ ಹಳದಿ ಬೆಳಕು, 4000 ಅಂದರೆ ಬಿಳಿ. ಓದು, ಹೊಲಿಗೆ, ರಿಪೇರಿ ಮಾಡುವ ಜಾಗಕ್ಕೆ 4000 ಇರಲಿ, ಜೊತೆಗೆ ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ, 90ಕ್ಕಿಂತ ಮೇಲಿರುವುದನ್ನೇ ಕೇಳಿ ತನ್ನಿ, ಆಗ ಬಣ್ಣಗಳು ಸರಿಯಾಗಿ ಕಾಣುತ್ತವೆ. ಹಲಗೆಯನ್ನು ಅಲ್ಲಿ ಇಟ್ಟಿರುವುದು ಯಾಕೆ ಅಂತ ಮನೆಯವರಿಗೂ ಹೇಳಿರಿ. ಓಡಾಡುವಾಗ ಅವರ ಕಣ್ಣಿಗೂ ಬೀಳುತ್ತಿರಲಿ. ವಾರ ಕಳೆದರೂ ಇಬ್ಬರಿಗೂ ಇಷ್ಟ ಅನ್ನಿಸಿದರೆ ಧೈರ್ಯವಾಗಿ ಬಳಿಸಿ.