ನೀವು ಹೆದರಬೇಕಾದ್ದು ಆ ಬಂದೂಕಿಗಲ್ಲ

ಪ್ರಶ್ನೆ: ನಮ್ಮದು ಬಸವೇಶ್ವರನಗರ. ಯಜಮಾನರಿಗೆ ಐಟಿ ಕೆಲಸ. ಮಾಗಡಿ ಕಡೆ ಅವರ ಊರಲ್ಲಿ ಹಳೇ ಮನೆ, ತೋಟ ಇದೆ. ಈಚೆಗೆ ಅವರಿಗೆ ಏರ್‌ಗನ್ ಹುಚ್ಚು. ಶನಿವಾರ ಬಂತೆಂದರೆ ಊರು. ಹಜಾರದ ತುಂಬಾ ಸ್ಪ್ರಿಂಗು, ತಿರುಪು, ಗ್ರೀಸ್ ಡಬ್ಬಿ. ಬಿಚ್ಚೋದು, ಜೋಡಿಸೋದು, ತೋಟದಲ್ಲಿ ಡಬ್ಬ ಇಟ್ಟು ಗುರಿ ಹೊಡೆಯೋದು. ಈಗ ಹನ್ನೆರಡು ವರ್ಷದ ಮಗನೂ ಸೇರಿಕೊಂಡಿದ್ದಾನೆ. ಬೇಡ ಎಂದರೆ 'ನಿನಗೆ ಗೊತ್ತಾಗಲ್ಲ' ಅನ್ನುತ್ತಾರೆ. ಹೋದ ವರ್ಷ ತೀರಿಕೊಂಡ ಮಾವನವರ ಕೇಪಿನ ಕೋವಿಯನ್ನೂ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಬಂದೂಕು) ಬಿಚ್ಚಿಟ್ಟುಕೊಂಡು ರಿಪೇರಿ ಮಾಡುತ್ತಿದ್ದಾರೆ. ಆಯುಧಪೂಜೆಗೆ ಬೇಕು ಎಂದು ಅತ್ತೆಯದೂ ಒತ್ತಾಯ. ಏರ್‌ಗನ್ ಮಾರಿ ಎಂದು ಹಟ ಹಿಡಿಯಲಾ? ಅಥವಾ ನಾನೇ ಅತಿ ಮಾಡುತ್ತಿದ್ದೇನಾ?

ಉತ್ತರ: ಪತ್ರದ ತುಂಬಾ ಏರ್‌ಗನ್. ಮಾವನವರ ಕೋವಿಯ ಮಾತು ಕೊನೆಯಲ್ಲಿ ಹಾಗೇ ಬಂದು ಹೋಗಿದೆ. ನನಗೆ ಗಾಬರಿಯಾಗಿದ್ದು ಅದನ್ನು ಓದಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಏರ್‌ಗನ್. ನಳಿಗೆಯ ತೂತು 4.5 ಮಿಲಿಮೀಟರ್ ಒಳಗಿದ್ದು, ಗುಂಡಿನ ಶಕ್ತಿ 20 ಜೂಲ್ ದಾಟದಿದ್ದರೆ ನಮ್ಮಲ್ಲಿ ಅದಕ್ಕೆ ಲೈಸೆನ್ಸ್ ಬೇಡ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಏರ್ ರೈಫಲ್‌ನಲ್ಲೇ. ಅಂದರೆ ಇದು ಪುಂಡರ ಚಟ ಅಲ್ಲ, ತಾಳ್ಮೆ ಬೇಡುವ ಆಟ. ಹತ್ತು ಮೀಟರ್ ದೂರದಿಂದ ಅರ್ಧ ಮಿಲಿಮೀಟರ್ ಚುಕ್ಕೆಗೆ ಹೊಡೆಯಬೇಕು, ಉಸಿರು ಸ್ವಲ್ಪ ಹೆಚ್ಚುಕಮ್ಮಿಯಾದರೂ ಗುರಿ ತಪ್ಪುತ್ತೆ. ವಾರವಿಡೀ ಮೀಟಿಂಗ್‌ನಲ್ಲಿ ತಲೆ ಚಿಟ್ಟುಹಿಡಿಸಿಕೊಂಡವರಿಗೆ ಇದು ಯಾಕೆ ಹಿಡಿಸುತ್ತೆ ಅಂತ ನನಗೆ ಅರ್ಥವಾಗುತ್ತೆ. ಮಾರಿ ಅಂತ ಹಟ ಹಿಡಿಯಬೇಡಿ.

ಆದರೆ ಒಂದು ಪ್ರಶ್ನೆ ನೇರವಾಗಿ ಕೇಳಿ: 'ಸ್ಪ್ರಿಂಗ್ ಬಿಚ್ಚೋದು ಯಾಕೆ?' ಗಾಳಿ ಸೋರದಂತೆ ತಡೆಯುವ ಸೀಲ್ ಸವೆದಿತ್ತು, ಹಳೇ ಸ್ಪ್ರಿಂಗ್ ಸೋತಿತ್ತು ಅಂದರೆ ಸರಿ. ಪವರ್ ಜಾಸ್ತಿ ಮಾಡೋಕೆ ಅಂದರೆ ಅಲ್ಲಿ ಗೆರೆ ಇದೆ. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 280 ಮೀಟರ್ ವೇಗದಲ್ಲಿ ಹೊರಟರೆ ಹೆಚ್ಚೂಕಡಿಮೆ 20 ಜೂಲ್ ಆಯಿತು. ಅದರ ಮೇಲೆ ಹೋದರೆ ಅದು ಲೈಸೆನ್ಸ್ ಬೇಕಾದ ಆಯುಧ, ಅಂಗಡಿಯಲ್ಲಿ ಬಿಲ್ ಹಾಕಿಸಿ ತಂದಿದ್ದರೂ ಅಷ್ಟೇ. ವೇಗ ಅಳೆಯುವ ಕ್ರೋನೋಗ್ರಾಫ್ ಅಂತ ಸಣ್ಣ ಯಂತ್ರ ಸಿಗುತ್ತೆ. ಇಷ್ಟು ಖರ್ಚು ಮಾಡಿದವರು ಅದನ್ನೂ ತೆಗೆದುಕೊಳ್ಳಲಿ. ಅಷ್ಟಕ್ಕೂ ಸ್ಪರ್ಧೆಯ ಏರ್ ರೈಫಲ್‌ಗಳ ಶಕ್ತಿ ಸುಮಾರು 7.5 ಜೂಲ್ ಮಾತ್ರ. ಗುರಿಗೆ ಪವರ್ ಬೇಕಿಲ್ಲ, ಪವರ್ ಬೇಕಾಗಿರೋದು ಗಂಡಸರ ಜಂಬಕ್ಕೆ. (ಇದನ್ನು ಅವರಿಗೆ ಓದಿ ಹೇಳಬೇಡಿ.)

ಮುಂದಿನ ಶನಿವಾರ ನೀವೂ ಹೋಗಿ. ಡಬ್ಬದ ಹಿಂದೆ ಏನಿದೆ ನೋಡಿ. ಆ ಕಡೆ ತೋಟಕ್ಕೆ ಬೇಲಿ ಅಂದರೆ ಕಲ್ಲಿನ ಚಪ್ಪಡಿ ನಿಲ್ಲಿಸಿರುತ್ತಾರೆ. ಅದರ ಮುಂದೆ ಡಬ್ಬ ಇಟ್ಟು ಹೊಡೆದರೆ ತಪ್ಪಿದ ಗುಂಡು ಕಲ್ಲಿಗೆ ಬಡಿದು ಎತ್ತ ಬೇಕಾದರೂ ಹಾರುತ್ತೆ, ಹೊಡೆದವರ ಕಡೆಗೇ ವಾಪಸ್ ಬರಬಹುದು. ಹಿಂದೆ ಮಣ್ಣಿನ ದಿಬ್ಬ ಇರಬೇಕು, ಇಲ್ಲವೇ ಮಣ್ಣು ತುಂಬಿದ ಗೋಣಿಚೀಲಗಳನ್ನು ಎತ್ತರಕ್ಕೆ ಪೇರಿಸಿರಬೇಕು. ಆಚೆ ಕಾಲುದಾರಿ, ದನ ಕಟ್ಟುವ ಜಾಗ ಇರಬಾರದು. ತಪ್ಪಿದ ಏರ್‌ಗನ್ ಗುಂಡು ನೂರಾರು ಮೀಟರ್ ಹೋಗುತ್ತೆ. ಅಲ್ಲಿ ನಿಂತವರೆಲ್ಲರ ಕಣ್ಣಿಗೂ ರಕ್ಷಣೆಯ ಕನ್ನಡಕ ಬೇಕು, ಸುಮ್ನೆ ನೋಡೋಕೆ ಬಂದ ನಿಮಗೂ.

ಮಗ ಕಲಿಯಲಿ, ಆದರೆ ಅಪ್ಪ ಪಕ್ಕದಲ್ಲಿದ್ದಾಗ ಮಾತ್ರ. ಬಂದೂಕು ಒಂದು ಬೀಗದಲ್ಲಿ, ಗುಂಡು ಇನ್ನೊಂದರಲ್ಲಿ. ನಳಿಗೆ ಮಡಚಿ ಲೋಡ್ ಮಾಡುವಾಗ ಕೈ ಜಾರಿದರೆ ನಳಿಗೆ ರಪ್ಪನೆ ವಾಪಸ್ ಬಂದು ಬೆರಳು ಮುರಿಯುತ್ತೆ, ಅದು ಅವನಿಗೆ ಮೊದಲ ಪಾಠ ಆಗಲಿ. ಗುಂಡು ಸೀಸದ್ದು, ಹೊಟ್ಟೆಗೆ ಹೋದರೆ ವಿಷ, ಹಾಗಾಗಿ ಸೋಪು ಹಾಕಿ ಕೈ ತೊಳೆಯದೆ ಮುದ್ದೆ ಮುರಿಯೋ ಹಾಗಿಲ್ಲ. ತೋಟಕ್ಕೆ ಬರುವ ನವಿಲಿನ ಕಡೆ ತಮಾಷೆಗೂ ನಳಿಗೆ ತಿರುಗಿಸಬಾರದು. ನವಿಲನ್ನು ಹೊಡೆದವರಿಗೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲೇ ಗತಿ, 'ಬರೀ ಏರ್‌ಗನ್ ಸಾರ್' ಅಂದರೆ ಕೇಳಲ್ಲ.

ಈಗ ಕೋವಿ.

ಮಾವನವರಿಗೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಿದ್ದಿರಬೇಕು. ಲೈಸೆನ್ಸ್ ಅವರ ಹೆಸರಿಗೆ, ಕೋವಿ ಇಟ್ಟ ಮನೆಗಲ್ಲ. ಅವರು ಹೋದ ಮೇಲೆ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಬೇಕಿತ್ತು. ಒಂದು ವರ್ಷವಾದರೂ ಮಾಡಿಲ್ಲ. ಸಾಲದ್ದಕ್ಕೆ ಬಿಚ್ಚಿ ರಿಪೇರಿ ಬೇರೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿದ್ದಕ್ಕೆ 2ರಿಂದ 5 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ರಿಪೇರಿ ಮಾಡಿದ್ದಕ್ಕೆ ಕನಿಷ್ಠ 7 ವರ್ಷ. ಯಾರಿಗೆ ಗೊತ್ತಾಗುತ್ತೆ ಅಂತೀರಾ? ಚುನಾವಣೆ ಬಂದಾಗಲೆಲ್ಲ ಕೋವಿ ಇರುವವರು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರಲ್ಲ, ಮಾವನವರೂ ತಂದಿರುತ್ತಾರೆ. ಠಾಣೆಯ ಪುಸ್ತಕದಲ್ಲಿ ಆ ಕೋವಿ ಇದೆ. ಮುಂದಿನ ಚುನಾವಣೆಗೆ ಹುಡುಕಿಕೊಂಡು ಬರುತ್ತಾರೆ.

'ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲ್ವಾ?' ಅಂತ ಅವರು ವಾದ ಹೂಡಬಹುದು. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಜಮೀನಿನವರಿಗೆ, ಈಗ 2029ರವರೆಗೆ ಮುಂದುವರಿದಿದೆ. ಮಾಗಡಿಗೆ ಅದರ ಗಾಳಿಯೂ ಬೀಸಲ್ಲ.

ಇನ್ನೊಂದು ಭಯ ಕಾನೂನಿನದಲ್ಲ. ಹಂದಿ ಕಾಯೋಕೆ ಮದ್ದು ತುಂಬಿಟ್ಟ ಕೇಪಿನ ಕೋವಿಯನ್ನು ಹಾಗೇ ಗೋಡೆಗೆ ಒರಗಿಸಿ ಮರೆಯೋದು ಹಳ್ಳಿಗಳಲ್ಲಿ ಹೊಸದಲ್ಲ. ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಕೇಪು ಇಲ್ಲ ಅಂದಮಾತ್ರಕ್ಕೆ ನಳಿಗೆ ಖಾಲಿ ಅಂತಲ್ಲ. ಒಳಗೆ ಏನಿದೆ ಅಂತ ಹಜಾರದಲ್ಲಿ ಕೂತು ಪರೀಕ್ಷೆ ಮಾಡೋದು ಬೇಡ, ಗೊತ್ತಿರುವ ಡೀಲರ್ ನೋಡಲಿ. ಅಲ್ಲಿವರೆಗೂ ಕೋವಿ ಇಟ್ಟ ಕೋಣೆಗೆ ಬೀಗ ಹಾಕಿ, ಮಗನನ್ನು ಆ ಕಡೆ ಬಿಡಬೇಡಿ.

ಹಾಗಂತ ನಾಳೆಯೇ ಕೋವಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಮಾಗಡಿ ರಸ್ತೆಯಲ್ಲಿ ಹೊರಡಬೇಡಿ. ಮೊದಲು ವಕೀಲರೊಬ್ಬರನ್ನು ನೋಡಿ. ತಡವಾಗಿದ್ದು ಯಾಕೆ ಅಂತ ಅವರು ಬರೆದುಕೊಡಲಿ. ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಜೊತೆಗಿರಲಿ. ಠಾಣೆಗೆ ಮೊದಲೇ ತಿಳಿಸಿ, ಅವರು ಹೇಳಿದ ಹಾಗೆ ಒಪ್ಪಿಸಿ, ರಸೀದಿ ಇಸ್ಕೊಳ್ಳಿ.

ಯಜಮಾನರ ಜೊತೆ ಮಾತಾಡುವಾಗ ಎರಡು ಬಂದೂಕನ್ನೂ ಒಂದೇ ಜಗಳಕ್ಕೆ ಎಳೆಯಬೇಡಿ. ಇಷ್ಟು ದಿನ ನೀವು ಮಾಡಿದ್ದು ಅದನ್ನೇ, ಅದಕ್ಕೇ 'ನಿನಗೆ ಗೊತ್ತಾಗಲ್ಲ' ಅನ್ನೋದು ಅವರಿಗೆ ಸುಲಭವಾಯಿತು. 'ಏರ್‌ಗನ್ ನಿಮ್ಮದು, ನಾನು ಬೇಡ ಅನ್ನಲ್ಲ. ಅಪ್ಪನ ಕೋವಿ ಈ ತಿಂಗಳು ಠಾಣೆಗೆ ಹೋಗಬೇಕು' ಅನ್ನಿ. ಅಪ್ಪ ಹಿಡಿದಿದ್ದ ವಸ್ತು ಬಿಟ್ಟುಕೊಡೋದು ಅವರಿಗೆ ಕಷ್ಟವೇ. ಆದರೆ ಒಪ್ಪಿಸಿದ ಮಾತ್ರಕ್ಕೆ ಕಳೆದುಕೊಂಡ ಹಾಗಲ್ಲ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. ಮಂಜೂರಾದರೆ ಕೋವಿ ಮನೆಗೆ ಬರುತ್ತೆ, ರಿಪೇರಿ ಲೈಸೆನ್ಸ್ ಇರುವವರ ಅಂಗಡಿಯಲ್ಲಿ ಆಗಲಿ. ಅರ್ಜಿ ಹಾಕುತ್ತೇನೆ ಅಂದರೆ ಅಡ್ಡ ಬರಬೇಡಿ.

ಅತ್ತೆಯವರಿಗೆ ವಿಷಯ ಹೇಳೋದು ಅವರ ಮಗನ ಕೆಲಸ, ನಿಮ್ಮದಲ್ಲ. ಈ ಸಲದ ಆಯುಧಪೂಜೆಗೆ ಮಚ್ಚು, ಕುಡುಗೋಲು, ಪಂಪ್‌ಸೆಟ್ಟಿಗೆ ಕುಂಕುಮ ಇಡಲಿ. ಏರ್‌ಗನ್ನಿಗೂ ಒಂದು ಬೊಟ್ಟು ಇಟ್ಟರೆ ನನ್ನ ತಕರಾರಿಲ್ಲ.